ಹಾಲು ಕುಡಿದ ಹೊಟ್ಟೆ

ಹೂಸು ಎಂಬ ಪದವನ್ನು ನಾನು ಈವರೆಗೆ ಕಾಗದದ ಮೇಲೆ ಬರೆದವಳಲ್ಲ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಧಾರವಾಡದ ಹತ್ತಿರದ ನಮ್ಮ ಊರಿನಲ್ಲಿ ಗಂಡಸರಿಗೆ ಇದರ ನಾಚಿಕೆ ಇರಲಿಲ್ಲ. ಮಡಿಕೆ ಕಾಳಿನ ಪಲ್ಯ ಉಂಡ ಮಧ್ಯಾಹ್ನ ನನ್ನಜ್ಜ ಕಟ್ಟೆಯ ಮೇಲೆ ಕೂತು, ಒಂದು ತೊಡೆ ಎತ್ತಿ, ಓಣಿಗೆಲ್ಲ ಕೇಳುವಂತೆ ಬಿಟ್ಟು, "ಹಾಂ, ಈಗ ಹಗುರಾತು ನೋಡ" ಎನ್ನುತ್ತಿದ್ದ. ಹಾದು ಹೋಗುವವರು ನಗುತ್ತಿದ್ದರು. ಅದನ್ನೇ ನಾನು ಚಿಕ್ಕವಳಿದ್ದಾಗ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಬೇಕೆಂದಲ್ಲ, ತಡೆಯಲಾಗದೆ ಮಾಡಿದ್ದಕ್ಕೆ ಅವ್ವ ನನ್ನ ರೆಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ತೊಡೆ ಚಿವುಟಿದಳು. "ಹೆಣ್ಣುಮಗಳದಿ ನೀ. ನಾಳೆ ಗಂಡನ ಮನ್ಯಾಗ ಹಿಂಗ ಮಾಡಿದ್ರ ಅವರು ನಮ್ಮ ಮಾರಿಮ್ಯಾಲ ಉಗಳ್ತಾರ" ಎಂದಳು. ಅಂದಿನಿಂದ ಹಿಡಿದುಕೊಳ್ಳುವುದನ್ನು ಕಲಿತೆ. ಓದು, ಹಾಡು, ರಂಗೋಲಿ ಯಾವುದನ್ನೂ ಅಷ್ಟು ಚೆನ್ನಾಗಿ ಕಲಿತವಳಲ್ಲ.

ನನ್ನನ್ನು ಕೊಟ್ಟದ್ದು ವಿಜಯವಾಡಕ್ಕೆ. ಎರಡು ಸಾವಿರದ ಇಸವಿ ದಾಟಿ ಒಂದಷ್ಟು ವರ್ಷಗಳಾಗಿದ್ದ ಕಾಲ ಅದು. ಗಂಡನ ಕೈಯಲ್ಲಿ ಮೊಬೈಲು ಇತ್ತು, ನನ್ನ ಕೈಯಲ್ಲಿ ಇರಲಿಲ್ಲ. ಅತ್ತೆ ಬಳ್ಳಾರಿ ಕಡೆಯವರು. ತೆಲುಗಿನವರನ್ನು ಮದುವೆಯಾಗಿ ವಿಜಯವಾಡದ ಪಟಮಟ ಎಂಬ ಬಡಾವಣೆಗೆ ಬಂದು ಒಂದು ಆಯಸ್ಸೇ ಕಳೆದಿದ್ದರು. ಮಾವ ತೀರಿಕೊಂಡಿದ್ದರು. ಒಬ್ಬನೇ ಮಗ, ಅವನೂ ಅಮ್ಮನ ಕನ್ನಡಕ್ಕೆ ತೆಲುಗಿನಲ್ಲೇ ಉತ್ತರ ಕೊಡುತ್ತ ಬೆಳೆದವನು. ಮನೆಯಲ್ಲಿ ಕನ್ನಡ ಮಾತಾಡುವ ಒಂದು ಜೀವ ಬೇಕೆಂದೇ ಆಕೆ ಅಷ್ಟು ದೂರದಿಂದ ಸೊಸೆಯನ್ನು ತಂದದ್ದು. ನಾನು ಹೊಸಿಲು ದಾಟಿದ ದಿನವೇ ನನ್ನ ಗಲ್ಲ ಹಿಡಿದು, "ನನ್ನ ಬಂಗಾರು, ನಾಲಗಿಗೆ ತುಕ್ಕು ಹಿಡದಿತ್ತು, ನೀ ಬಂದಿ ಕದಾ, ಇನ್ನ ನಂಗೆ ಚಿಂತಿ ಇಲ್ಲ" ಎಂದು, ಅಲ್ಲವೇ ಎನ್ನಲು ತೆಲುಗಿನ ಕದಾ ಬೆರೆಸಿ ಹೇಳಿ, ಕಣ್ಣೊರೆಸಿಕೊಂಡಿದ್ದರು. ಇಂಥ ಅತ್ತೆಗೆ ಯಾವುದಕ್ಕಾದರೂ ಒಲ್ಲೆ ಎನ್ನುವುದು ಹೇಗೆ?

ಗಂಡನ ಕೆಲಸ ವಿಶಾಖಪಟ್ಟಣದ ಒಂದು ಔಷಧಿ ಕಾರ್ಖಾನೆಯಲ್ಲಿ. ದ್ವಾರಕಾ ನಗರದಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಕೋಣೆಯಲ್ಲಿದ್ದರು. ಸಂಸಾರಕ್ಕೆ ಮನೆ ಸಿಗುವವರೆಗೆ ನಾನು ಅತ್ತೆಯ ಜೊತೆ ಇರುವುದು, ಅವರು ಶನಿವಾರ ಸಂಜೆ ರೈಲಿನಲ್ಲಿ ಬಂದು ಭಾನುವಾರ ಮಧ್ಯಾಹ್ನ ಹೋಗುವುದು ಎಂದು ಮಾತಾಗಿತ್ತು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಬರುವಾಗ ಪ್ರತಿ ಸಲವೂ ನನಗೆಂದು ಮಲ್ಲಿಗೆ ತರುತ್ತಿದ್ದರು. ಕೊಡಲು ನಾಚಿ ದೇವರ ಮುಂದೆ ಇಟ್ಟುಬಿಡುತ್ತಿದ್ದರು.

ಇನ್ನು ಹಾಲಿನ ವಿಷಯ. ನಮ್ಮ ಊರಿನ ಮನೆಯಲ್ಲಿ ಎರಡು ಎಮ್ಮೆ ಇದ್ದವು. ಆದರೆ ಹಾಲು ಡೈರಿಗೆ, ಮಜ್ಜಿಗೆ ನಮಗೆ. ಚಹಾದಲ್ಲಿ ಬಣ್ಣ ಬದಲಾಗುವಷ್ಟು ಬಿದ್ದರೆ ಅದೇ ನಾವು ಕಂಡ ಹಾಲು. ಬುದ್ಧಿ ಬಂದ ಮೇಲೆ ನಾನು ಒಂದು ಲೋಟ ಹಾಲನ್ನು ಪೂರ್ತಿ ಕುಡಿದವಳಲ್ಲ. ಪಟಮಟದಲ್ಲಿ ಕಥೆ ಬೇರೆ. ಹಿಂದಿನ ಓಣಿಯಲ್ಲಿ ಎಮ್ಮೆ ಕಟ್ಟಿದ ಮನೆಯೊಂದಿತ್ತು. ಅತ್ತೆ ತಾವೇ ತಂಬಿಗೆ ಹಿಡಿದು ಹೋಗಿ, ಕಣ್ಣೆದುರೇ ಕರೆಸಿ, ಒಂದು ಹನಿ ನೀರು ಬೆರೆಯದ ಹಾಲು ತಂದು, ಕೆನೆ ಕಟ್ಟುವವರೆಗೆ ಕಾಯಿಸಿ, ಬೆಳಿಗ್ಗೆ ಒಂದು ದೊಡ್ಡ ಲೋಟ, ಸಂಜೆ ಒಂದು ದೊಡ್ಡ ಲೋಟ ನನ್ನ ಕೈಗೆ ಕೊಡುತ್ತಿದ್ದರು. "ಕುಡೀ ಅಮ್ಮಾ, ಜ್ವಾಳದ ರೊಟ್ಟಿ ತಿಂದು ಕಟಗಿ ಆಗೀಯ" ಎನ್ನುತ್ತಿದ್ದರು. ಕುಡಿದು ಮುಗಿಯುವವರೆಗೆ ಎದುರೇ ನಿಲ್ಲುತ್ತಿದ್ದರು. ಹಾಲಿಗೆ ಬೇಡ ಅನ್ನಬಾರದು, ಅದರಲ್ಲೂ ಹೊಸ ಸೊಸೆ ಅನ್ನಬಾರದು ಎಂದು ಅವ್ವ ಹೇಳಿಯೇ ಕಳಿಸಿದ್ದಳು.

ಮೊದಲ ರಾತ್ರಿಯ ಹಾಲಿನ ಲೋಟದಿಂದಲೇ ಶುರುವಾಯಿತು ನನ್ನ ಪಾಡು. ಗಂಡ ಎರಡು ಗುಟುಕು ಕುಡಿದು ಉಳಿದದ್ದನ್ನು ನನಗೆ ಕೊಟ್ಟರು. ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆಯೊಳಗೆ ಯಾರೋ ಬಿಂದಿಗೆ ಉರುಳಿಸಿದ ಹಾಗೆ ಗುಡುಗುಡು ಎಂದಿತು. ಸೆರಗು ಒತ್ತಿ ಹಿಡಿದೆ. ಹಿಡಿದಷ್ಟೂ ಉಬ್ಬಿತು. ಅವರು ಹತ್ತಿರ ಬಂದು ಭುಜ ಮುಟ್ಟುವುದಕ್ಕೂ ನಾನು ಧಡಕ್ಕನೆ ಎದ್ದು "ತಲಿ ನೋಯಾಕತ್ತೇತ್ರಿ" ಎಂದು ಹೊರಗೆ ಓಡುವುದಕ್ಕೂ ಸರಿಹೋಯಿತು. ಎರಡು ಕೋಣೆಯ ಮನೆ, ನಡುವೆ ತೆಳ್ಳನೆಯ ಗೋಡೆ, ಆಚೆ ಅತ್ತೆ. ಹಿತ್ತಲಿನ ನಲ್ಲಿಯನ್ನು ಜೋರಾಗಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ನನ್ನ ಮಾನ ಉಳಿಸಿಕೊಂಡೆ. ಒಳಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಆಮೇಲೆ ಪ್ರತಿ ಶನಿವಾರವೂ ಅದೇ. ಅವರು ಬಂದ ದಿನವೇ ಸಂಜೆಯ ಹಾಲಿನ ಲೋಟ ಇನ್ನೂ ದೊಡ್ಡದಾಗುತ್ತಿತ್ತು. ನಾನು ತಲೆನೋವು ಎನ್ನುತ್ತಿದ್ದೆ, ಸೆಕೆ ಎನ್ನುತ್ತಿದ್ದೆ, ಅತ್ತೆಯ ಹತ್ತಿರ ಮಲಗುತ್ತೇನೆ ಎನ್ನುತ್ತಿದ್ದೆ. ಅವರು "ಸರೆ" ಎಂದು ದೀಪ ಆರಿಸುತ್ತಿದ್ದರು. ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ? ದೇವರಾಣೆ ಇಲ್ಲ. ಕೈಹಿಡಿದ ಗಂಡನಿಗೆ, ಅದೂ ಮಲ್ಲಿಗೆ ತರುವ ಗಂಡನಿಗೆ, ನನ್ನ ಹೊಟ್ಟೆಯಲ್ಲಿ ಹೂಸು ತುಂಬಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಮೈಮೇಲೆ ಹಲ್ಲಿ ಬಿದ್ದಂತೆ ನಾನು ಎದ್ದು ಓಡುವಾಗ ಅವರ ಮುಖ ಹೇಗಿರುತ್ತಿತ್ತು ಎಂದು ತಿರುಗಿ ನೋಡಿದವಳೂ ಅಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಗಂಡ ಹೆಂಡಿರ ಬಾಳುವೆ ಎಂಬುದು ಶುರುವಾಗಿಯೇ ಇರಲಿಲ್ಲ.

ಇದು ಹಾಲಿನ ಕೆಲಸ ಎಂದು ನನಗೆ ಹೊಳೆಯಲೇ ಇಲ್ಲ, ನೋಡಿ. ಹೊಳೆಯುವುದಾದರೂ ಹೇಗೆ? ಹಾಲೆಂದರೆ ದೇವರಿಗೆ ಅಭಿಷೇಕ ಮಾಡುವ ವಸ್ತು, ಕೂಸು ಕುಡಿಯುವ ವಸ್ತು, ಜ್ವರದವರಿಗೆ ಕೊಡುವ ವಸ್ತು. ನಾನು ಅನುಮಾನಪಟ್ಟದ್ದು ಉಳಿದೆಲ್ಲದರ ಮೇಲೆ. ದಿನಾ ಮಾಡುವ ತೊಗರಿಬೇಳೆಯ ಪಪ್ಪು ಇರಬೇಕು ಎಂದು ಅದನ್ನು ಬಿಟ್ಟೆ. ಹೆಸರುಕಾಳಿನ ಪೆಸರಟ್ಟು ಬಿಟ್ಟೆ. ಬದನೆಕಾಯಿ ಬಿಟ್ಟೆ, ಆಲೂಗಡ್ಡೆ ಬಿಟ್ಟೆ. ಸೊಸೆ ಉಣ್ಣುವುದಿಲ್ಲ ಎಂದು ಅತ್ತೆ ಗಾಬರಿಯಾದರು. "ಹೊಟ್ಟಿ ಸರಿ ಇಲ್ರಿ ಅತ್ತಿ" ಎಂದಷ್ಟೇ ಹೇಳಿದೆ. "ಹಂಗಾದ್ರೆ ಹಾಲು ಅನ್ನ ಉಣ್ಣು. ಹಾಲು ಹೊಟ್ಟಿಗೆ ತಂಪು" ಎಂದು ಮಧ್ಯಾಹ್ನಕ್ಕೂ ಹಾಲು ಸುರಿದರು. ನಾನು ಭಕ್ತಿಯಿಂದ ಉಂಡೆ. ಬೆಂಕಿ ಆರಿಸಲು ಸೀಮೆಎಣ್ಣೆ ಹೊಯ್ದುಕೊಂಡ ಜಾಣೆ ನಾನು. ಎಷ್ಟು ಹಾಲೋ ಅಷ್ಟು ಉಬ್ಬರ, ಎಷ್ಟು ಉಬ್ಬರವೋ ಅಷ್ಟು ಹಾಲು.

ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ಅತ್ತೆಯ ಜೊತೆ ಇರಬಾರದೆಂದು ತವರಿಗೆ ಕಳಿಸಿದರು. ಊರಿನಲ್ಲಿ ಮಡಿಕೆ ಕಾಳು, ಅಲಸಂದಿ, ಉಳ್ಳಾಗಡ್ಡಿ ಎಲ್ಲವನ್ನೂ ಗಬಗಬ ತಿಂದೆ. ಹೊಟ್ಟೆ ತಣ್ಣಗಿತ್ತು. ತವರಿನ ನೀರು ಎಂದುಕೊಂಡೆ. ಮುಟ್ಟಾದದ್ದೂ ಅಲ್ಲಿಯೇ. ಶ್ರಾವಣಕ್ಕೆ ಪಟಮಟಕ್ಕೆ ಮರಳಿದ ಮೇಲೆ ಮತ್ತೆ ಹಾಲು, ಮತ್ತೆ ಉಬ್ಬರ, ನಿದ್ದೆಯಿಲ್ಲದ ಕಳವಳ. ಆ ತಿಂಗಳು ಹೊರಗಾಗುವುದೂ ತಡವಾಯಿತು. ಅತ್ತೆ ತಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡರು. ತಮ್ಮ ಕಣ್ಣಿಗೆ ಬೀಳದೆ ತವರಿನಲ್ಲಿ ಕಳೆದುಹೋದದ್ದು ಒಂದು, ಈಗ ಬಾರದಿದ್ದದ್ದು ಒಂದು. ಸೊಸೆ ಉಣ್ಣುವುದಿಲ್ಲ, ತೇಗುತ್ತಾಳೆ, ಹೊಟ್ಟೆ ಸೀರೆಯ ನೆರಿಗೆಯ ಮೇಲೆ ಉಬ್ಬಿ ಕಾಣುತ್ತದೆ. ಇನ್ನೇನು ಬೇಕು ಅತ್ತೆಯಾದವಳಿಗೆ?

ಒಂದು ದಿನ ಬೆಳಿಗ್ಗೆ ನಾನು ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಗೋಡೆಗೆ ಒರಗಿದ್ದೆ. ಅತ್ತೆ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಅವರ ಕಣ್ಣು ತುಂಬಿತು. "ನಂಗೆ ಹೇಳಬಾರದಾ ಅಮ್ಮಾ? ಹೆಂಗಸಿಗೆ ಹೆಂಗಸು ನಾಚ್ಕೊಂತಾರಾ?" ಎಂದರು.

ನನ್ನ ಬಂಡವಾಳ ಬಯಲಾಯಿತು, ಹಿತ್ತಲಿನ ನಲ್ಲಿಯ ಗುಟ್ಟು ತಿಳಿದುಹೋಯಿತು ಎಂದೇ ನಾನು ತಿಳಿದೆ. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ತಲೆ ತಗ್ಗಿಸಿ, "ಭಾಳ ದಿನದಿಂದ ಹಿಂಗ ಐತ್ರಿ, ನಾಚಿಕಿಗೆ ಹೇಳಲಿಲ್ರಿ" ಎಂದೆ. ಅತ್ತೆ ನನ್ನ ಹಣೆಗೆ ಮುತ್ತಿಟ್ಟರು. ಹೂಸಿಗೆ ಯಾರಾದರೂ ಹಣೆಗೆ ಮುತ್ತಿಡುತ್ತಾರೆಯೇ ಎಂದು ಯೋಚಿಸುವ ಬುದ್ಧಿ ಆ ಹೊತ್ತಿಗೆ ನನಗೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯಾಕೆ ಅರಿಸಿನ ಕುಂಕುಮ, ಹಸಿರು ಬಳೆ ಹಿಡಿದು ಬಂದರು. ಹಿಂದೆಯೇ ಇನ್ನಿಬ್ಬರು. ಅತ್ತೆ ಎರಡು ತಂಬಿಗೆ ಹಾಲು ಬತ್ತಿಸಿ ಪಾಲಕೋವಾ ಮಾಡಿ ಎಲ್ಲರ ಬಾಯಿಗೂ ಇಡುತ್ತಿದ್ದರು, ನನ್ನ ಬಾಯಿಗೂ ಇಟ್ಟರು. ಆಗ ಅರ್ಥವಾಯಿತು. ಅಯ್ಯೋ ಶಿವನೇ! ಅಲ್ಲ ಎಂದು ಕೂಗಬೇಕಿತ್ತು. ಕೂಗಿದರೆ, ಹಾಗಾದರೆ ಹೊಟ್ಟೆಯಲ್ಲಿ ಏನು, ಬೆಳಿಗ್ಗೆ ಭಾಳ ದಿನದಿಂದ ಹಿಂಗ ಐತಿ ಅಂದದ್ದು ಏನು ಎಂದು ನಾಲ್ಕು ಜನರ ಮುಂದೆ ಹೇಳಬೇಕು. ಬಾಯಲ್ಲಿ ಕೋವಾ, ಕೈಯಲ್ಲಿ ಹಸಿರು ಬಳೆ. ಬಿಸಿ ತುಪ್ಪ ಉಗುಳಲೂ ಆಗದು, ನುಂಗಲೂ ಆಗದು ಎನ್ನುತ್ತಾರಲ್ಲ, ಹಾಗೆ ಕೂತಿದ್ದೆ. ಎಲ್ಲರೂ ಹೋದ ಮೇಲೆ ಅತ್ತೆಗೆ ಹೇಳೋಣ ಎಂದುಕೊಂಡೆ. ಎಲ್ಲರೂ ಹೋಗುವ ಮೊದಲೇ ಅತ್ತೆ ಫೋನಿನ ಹತ್ತಿರ ಹೋಗಿ ಮಗನಿಗೆ ಹೇಳಿಬಿಟ್ಟರು.

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅತ್ತೆ ಮಾತ್ರ "ಸಿಗ್ಗು ಬಿದ್ದು ಫೋನ್ ಇಟ್ಟುಬಿಟ್ಟ, ನೋಡು" ಎಂದು ನಕ್ಕರು. ಸಿಗ್ಗು ಎಂದರೆ ಅಲ್ಲಿಯ ಮಾತಿನಲ್ಲಿ ನಾಚಿಕೆ. ನನಗೆ ಗೊತ್ತಿತ್ತು, ಅದು ಅಂಥ ನಾಚಿಕೆಯಲ್ಲ. ನನ್ನನ್ನು ಮುಟ್ಟಿಯೇ ಇರದ ಮನುಷ್ಯನಿಗೆ ನೀನು ತಂದೆಯಾಗುತ್ತೀಯ ಎಂದು ಅವನ ತಾಯಿ ಸಿಹಿ ಹಂಚುತ್ತ ಹೇಳಿದ್ದರು.

ಆ ಶನಿವಾರ ಅವರು ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಕಾರ್ಖಾನೆಯಲ್ಲಿ ತಪಾಸಣೆಯಂತೆ. ಫೋನು ಮಾಡಿದರೆ ಅಮ್ಮನ ಜೊತೆ ಮಾತ್ರ ಮಾತು. ನಾನೇ ಹೇಳಬೇಕು ಎಂದು ಎಷ್ಟೋ ಸಲ ಫೋನಿನ ಹತ್ತಿರ ಹೋದೆ. ಅತ್ತೆ ಸೊಪ್ಪು ಬಿಡಿಸುತ್ತಲೋ ಹೂ ಕಟ್ಟುತ್ತಲೋ ಅಲ್ಲೇ ಕೂತಿರುತ್ತಿದ್ದರು. ಅತ್ತೆಗೇ ಮೊದಲು ಹೇಳೋಣವೆಂದರೆ ಅವರು ಬಳ್ಳಾರಿಯಲ್ಲಿರುವ ಅಕ್ಕನಿಗೂ ಹೇಳಿ ಆಗಿತ್ತು. ದಿನ ಕಳೆದಂತೆ ಸತ್ಯ ದೊಡ್ಡದಾಯಿತು, ಅದನ್ನು ಹೇಳುವ ನನ್ನ ಬಾಯಿ ಚಿಕ್ಕದಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಜ್ಜನ ಬಾಯಲ್ಲಿ ಸದಾ ಇರುತ್ತಿತ್ತು. ಅಡಿಕೆಗೆ ಹೋದರೆ ಹೋಗಲಿ, ನನ್ನದು ಹೋಗುತ್ತಿದ್ದದ್ದು ಯಾವುದಕ್ಕೆ ಎಂದು ನೆನೆದು ಸ್ನಾನದ ಮನೆಯಲ್ಲಿ ಕಣ್ಣೀರು ಹಾಕಿದೆ, ನಗುವೂ ಬಂತು.

ಕಡೆಗೊಮ್ಮೆ ಗಂಡನೇ ಫೋನನ್ನು ನನಗೆ ಕೊಡಿಸಿದರು. ಅತ್ತೆ ಎದುರಿಗೇ ಇದ್ದರು. ಗಂಡನ ಕನ್ನಡ ಯಾವಾಗಲೂ ಹುಡುಕಿ ಹುಡುಕಿ ಆಡುವ ಕನ್ನಡ, ಅಂದು ಇನ್ನೂ ನಿಧಾನವಾಗಿತ್ತು.

"ಆಷಾಢದಲ್ಲಿ ನಿಮ್ಮ ಮನೇಲಿ ಯಾರ್ಯಾರು ಇದ್ರು?"

ಕ್ಷೇಮ ವಿಚಾರಿಸುತ್ತಿದ್ದಾರೆ ಎಂದುಕೊಂಡ ಪೆದ್ದಿ ನಾನು. ಮಾತಾಡಿಸಿದರಲ್ಲ ಎಂಬ ಸಂತೋಷದಲ್ಲಿ ಹೇಳುತ್ತ ಹೋದೆ. "ಅವ್ವ ಇದ್ಲು, ಅಜ್ಜ ಇದ್ದ, ಕಾಕಾ ಕಾಕು ಬಂದಿದ್ರು, ಸ್ವಾದರಮಾವನ ಮಗಾ ನಾಕ್ ದಿನ..." ಅವರು ಯಾವುದಕ್ಕೆ ಕೇಳುತ್ತಿದ್ದಾರೆ ಎಂದು ಹೊಳೆದು ಅಲ್ಲಿಗೆ ನಾಲಿಗೆ ನಿಂತಿತು. "ಸರೆ" ಎಂದು ಅವರು ಇಟ್ಟುಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದಿಯದೇ ಹೆಗಲು ಮುಟ್ಟಿಕೊಂಡವಳು ನಾನು.

ಮೈಯೆಲ್ಲ ಉರಿಯಿತು. ಇಷ್ಟು ದಿನ ನನ್ನ ಹೊಟ್ಟೆಯ ನಾಚಿಕೆಯಲ್ಲಿ ನಾನು ಬೆಂದಿದ್ದೆ. ಈಗ ಬೇರೆಯದೇ ನಾಚಿಕೆ, ಮಾಡದ್ದಕ್ಕೆ. ಮರುದಿನ ಬೆಳಗಿನ ರೈಲಿಗೆ ಹೋಗುತ್ತೇನೆ, ಅಲ್ಲಿ ಅವರ ಜೊತೆ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆ ಎಂದು ಅತ್ತೆಗೆ ಹೇಳಿದೆ. ಅವರು ಬೇಡವೆಂದರು, ಮೊದಲ ತಿಂಗಳುಗಳಲ್ಲಿ ರೈಲಿನ ಕುಲುಕಾಟ ಆಗದು ಎಂದರು, ತಾವೂ ಬರುತ್ತೇನೆ ಎಂದರು. "ಒಬ್ಬಾಕೀನ ಹೊಕ್ಕೀನ್ರಿ" ಎಂದ ನನ್ನ ದನಿ ಕೇಳಿ ಒಪ್ಪಿದರು. ಮಗನಿಗೆ ಫೋನು ಮಾಡಿ, ಸ್ಟೇಷನ್ನಿಗೆ ಬಾ, ಡಾಕ್ಟರನ್ನು ಗೊತ್ತು ಮಾಡು ಎಂದು ಹೇಳಿದರು.

ಆರು ತಾಸು ರೈಲಿನಲ್ಲಿ ಏನೂ ತಿನ್ನಲಿಲ್ಲ. ಹೇಗೆ ಹೇಳುವುದು ಎಂದು ಮಾತು ಜೋಡಿಸುತ್ತ ಹೋದೆ. ಹೊಟ್ಟೆಯಲ್ಲಿ ವಾಯು ಎನ್ನಬೇಕೇ, ಗ್ಯಾಸ್ ಎನ್ನಬೇಕೇ, ಅಜೀರ್ಣ ಎಂದರೆ ಸ್ವಲ್ಪ ಮರ್ಯಾದೆಯಾಗಿ ಇರುತ್ತದೆಯೇ? ವಿಶಾಖಪಟ್ಟಣದಲ್ಲಿ ಇಳಿದಾಗ ಅವರು ನಿಂತಿದ್ದರು. ಗಡ್ಡ ಬಿಟ್ಟಿದ್ದರು. ನನ್ನ ಚೀಲಕ್ಕೆ ಕೈ ಚಾಚಲಿಲ್ಲ. ಮುಂದೆ ಮುಂದೆ ನಡೆದರು, ನಾನು ಹಿಂದೆ. ಜೋಡಿಸಿಕೊಂಡ ಮಾತೆಲ್ಲ ಪ್ಲಾಟ್‌ಫಾರ್ಮಿನ ಮೇಲೆಯೇ ಉಳಿಯಿತು.

ದ್ವಾರಕಾ ನಗರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ವಯಸ್ಸಾದ ಡಾಕ್ಟರಮ್ಮ. ಮೂತ್ರದ ಪರೀಕ್ಷೆ ಆಯಿತು. ಆಮೇಲೆ ನನ್ನನ್ನು ಮಲಗಿಸಿ, ಹೊಟ್ಟೆಯ ಮೇಲೆ ಎಡಗೈ ಬೆರಳಿಟ್ಟು ಬಲಗೈ ಬೆರಳಿನಿಂದ ತಟ್ಟಿದರು. ಖಾಲಿ ಡಬ್ಬಿಯ ಸದ್ದು ಬಂತು. ಗಂಡನನ್ನು ಒಳಗೆ ಕರೆದು, "ಕಡುಪುಲೋ ಗಾಲಿ ತಪ್ಪ ಏಮೀ ಲೇದು" ಎಂದರು. ಹೊಟ್ಟೆಯಲ್ಲಿ ಗಾಳಿ ಬಿಟ್ಟರೆ ಏನೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ತಿಂಗಳುಗಟ್ಟಲೆ ನಾನು ಸಾಯುವಂತೆ ಮುಚ್ಚಿಟ್ಟದ್ದನ್ನು ಆಕೆ ಮಳೆ ಬರುತ್ತಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದ್ದರು.

ಏನೇನು ತಿನ್ನುತ್ತೀ ಎಂದು ಕೇಳಿದರು. ಹೇಳಿದೆ. ಹಾಲಿನ ಲೆಕ್ಕ ಕೇಳಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರು ವಿವರಿಸಿದ್ದು ನನಗೆ ತಿಳಿದಂತೆ ಹೀಗೆ. ಹಾಲಿನಲ್ಲಿ ಸಹಜವಾಗಿಯೇ ಒಂದು ಬಗೆಯ ಸಕ್ಕರೆ ಇರುತ್ತದೆ. ಕೂಸುಗಳ ಸಣ್ಣ ಕರುಳಿನಲ್ಲಿ ಅದನ್ನು ಒಡೆಯುವ ರಸ ಇರುತ್ತದೆ. ದೊಡ್ಡವರಾದ ಮೇಲೆ ಬಹಳ ಜನರಲ್ಲಿ ಆ ರಸ ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಎಲ್ಲರ ಹೊಟ್ಟೆಯಲ್ಲೂ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಅವು ಅದನ್ನು ತಿಂದು ಹುಳಿಯೇರಿಸಿ ಗಾಳಿ ಎಬ್ಬಿಸುತ್ತವೆ. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ಪಾತ್ರೆ ಮೀರಿ ಉಕ್ಕುವ ಹಾಗೆ. ಕಾಳುಗಳಲ್ಲೂ ನಮ್ಮ ಹೊಟ್ಟೆಗೆ ಒಡೆಯಲಾಗದ ಇಂಥ ಸಕ್ಕರೆಗಳಿವೆ, ಅದರ ಗಾಳಿ ಎಲ್ಲರಿಗೂ ಸ್ವಲ್ಪ ಆಗುತ್ತದೆ. ಹಾಲಿನದು ಆ ರಸ ಕಡಿಮೆಯಾದವರಿಗೆ ಮಾತ್ರ. ಮಜ್ಜಿಗೆ ಅಷ್ಟು ಕಾಡುವುದಿಲ್ಲ, ಹೆಪ್ಪಿನ ಜೀವಿಗಳು ಆ ಸಕ್ಕರೆಯನ್ನು ಮೊದಲೇ ಒಂದಷ್ಟು ತಿಂದಿರುತ್ತವೆ. ಇದು ರೋಗವಲ್ಲ. ಎರಡು ವಾರ ಹಾಲು ಬಿಡು, ಆಮೇಲೆ ಒಂದು ಲೋಟ ಕುಡಿದು ನೋಡು, ಮತ್ತೆ ಉಬ್ಬಿದರೆ ಹಾಲೇ ಕಾರಣ. "ಹಿಡಿದುಕೊಳ್ಳಬೇಡ, ಹಿಡಿದರೆ ನೋವು" ಎಂದೂ ಸೇರಿಸಿದರು. ಇದನ್ನೆಲ್ಲ ಗಂಡನ ಎದುರಿನಲ್ಲೇ ಹೇಳಿದರು. ನಾನು ಸೆರಗಿನ ತುದಿಯನ್ನು ತಿರುಚಿ ತಿರುಚಿ ಹಗ್ಗ ಮಾಡಿದ್ದೆ.

ಗಂಡನ ಕೋಣೆ ಅಲ್ಲಿಗೆ ಹತ್ತಿರ. ಜೊತೆಗಾರರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಎರಡು ಪ್ಲಾಸ್ಟಿಕ್ ಕುರ್ಚಿ, ಮೂರು ಸುತ್ತಿದ ಹಾಸಿಗೆ, ಮೂಲೆಯಲ್ಲಿ ಗ್ಯಾಸ್ ಒಲೆ. ಅವರು ಕಿಟಕಿಯ ಕಡೆ ನೋಡುತ್ತ ನಿಂತರು. ಮನಸ್ಸು ಹಗುರಾಗಿರಬಹುದು ಎಂದು ನಾನು ಕಾದೆ.

"ಪರೀಕ್ಷೆ ಸರಿ" ಎಂದರು. "ಆದ್ರೆ ನಾನು ಬಂದಾಗೆಲ್ಲ ನೀನು ಎದ್ದು ಹೋಗ್ತಿದ್ದೆ ಕದಾ. ನಾನು ಇಷ್ಟ ಇಲ್ಲ ಅಂದ್ರೆ ಹೇಳಿಬಿಡು. ನಾನೇ ಧಾರವಾಡಕ್ಕೆ ಬಿಟ್ಟು ಬರ್ತೀನಿ. ಯಾರ ಮೇಲೂ ತಪ್ಪು ಹಾಕಲ್ಲ."

ಎಲಾ ಇವರ! ಡಾಕ್ಟರು ಅಷ್ಟು ಬಿಡಿಸಿ ಹೇಳಿದರೂ ಈ ಮನುಷ್ಯನಿಗೆ ಅದು ಕರುಳಿನ ಪಾಠವಾಗಿ ಕೇಳಿಸಿತ್ತೇ ಹೊರತು, ಶನಿವಾರದ ನನ್ನ ಓಟಕ್ಕೂ ಅದಕ್ಕೂ ಗಂಟು ಬಿದ್ದಿರಲಿಲ್ಲ. ನಾನೇ ಬಿಡಿಸಿ ಹೇಳಬೇಕು. ಬಾಯಿ ತೆರೆದೆ, ಪದ ಬರಲಿಲ್ಲ. ಬಿಟ್ಟು ಬರುತ್ತೇನೆ ಎಂದ ಮೇಲೂ ಆ ಒಂದು ಪದಕ್ಕೆ ನಾನು ನಾಚುತ್ತಿದ್ದೆ. ನನ್ನ ಮೇಲೆಯೇ ನನಗೆ ಸಿಟ್ಟು ನೆತ್ತಿಗೇರಿತು.

"ಕೆಳಗ ಅಂಗಡ್ಯಾಗ ಹಾಲಿನ ಪಾಕೀಟು ಸಿಗ್ತೈತೇನ್ರಿ?" ಎಂದೆ.

"ಏನು?"

"ಎರಡು ತರ್ರಿ."

ನನ್ನ ಮುಖ ನೋಡಿ ಹೋಗಿ ತಂದರು. ಕಾಯಿಸಿದೆ. ಅವರ ಎದುರಿಗೆ ನೆಲದ ಮೇಲೆ ಕೂತು ಒಂದು ಲೋಟ, ಅದರ ಮೇಲೆ ಇನ್ನೊಂದು ಲೋಟ ಕುಡಿದೆ. "ಈಗ ಇಲ್ಲೇ ಕುಂದರ್ರಿ. ಎದ್ದು ಎಲ್ಲೂ ಹೋಗಬ್ಯಾಡ್ರಿ. ನಾನೂ ಹೋಗೂದಿಲ್ಲ" ಎಂದೆ. ಸೀತೆಗೆ ಬೆಂಕಿಯಾದರೂ ಇತ್ತು, ನನ್ನ ಹಣೆಬರಹಕ್ಕೆ ಪಾಕೀಟು ಹಾಲು.

ಕಾದೆವು. ಮದುವೆಯಾಗಿ ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡುತ್ತ ಕೂತದ್ದು ಅದೇ ಮೊದಲು. ಬೀದಿಯಲ್ಲಿ ಆಟೋಗಳ ಸದ್ದು. ಅವರು ಊಟ ಮಾಡಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ನೀವು ಎಂದೆ. ಅವರೂ ಇಲ್ಲ. ಗಡ್ಡ ಯಾಕೆ ಎಂದು ಕೇಳಿದೆ, ಅದರ ಮೇಲೆ ಕೈಯಾಡಿಸಿಕೊಂಡರು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯಿತು. ಆಗ ಶುರುವಾಯಿತು. ಮೊದಲು ಗುಡುಗುಡು, ಅವರಿಗೂ ಕೇಳಿಸುವಷ್ಟು. ಅವರು ಬೆಚ್ಚಿ ನನ್ನ ಹೊಟ್ಟೆ ನೋಡಿದರು. ನಾನು ಸೆರಗು ಸರಿಸಿ ಹೊಟ್ಟೆ ತೋರಿಸಿದೆ. ಕಣ್ಣೆದುರೇ ಉಬ್ಬಿತು. ಮೈಯ ಪ್ರತಿ ನರವೂ ಏಳು, ಹಿತ್ತಲಿಗೆ ಓಡು, ನಲ್ಲಿ ತಿರುಗಿಸು ಎಂದು ಕೂಗುತ್ತಿತ್ತು. ಚಿವುಟಿದ ತೊಡೆ ಈಗಲೂ ಚುರುಚುರು ಎಂದಿತು. ನೆಲವನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು ಕೂತೆ.

ಬಂತು. ಸಣ್ಣದಾಗಿಯೂ ಬರಲಿಲ್ಲ, ಅಜ್ಜನ ಮೊಮ್ಮಗಳಿಗೆ ತಕ್ಕಂತೆಯೇ ಬಂತು.

ಕಣ್ಣಿಂದ ನೀರು ದಳದಳ ಇಳಿಯಿತು. "ಇದು" ಎಂದೆ. "ಶನಿವಾರಕ್ಕೊಮ್ಮೆ ಎದ್ದು ಹೋಗ್ತಿದ್ದದ್ದು ಇದಕ್ಕ. ನಿಮಗ ಕೇಳಿಸಬಾರದಂತ. ಇಷ್ಟ ಇಲ್ದನ ಅಲ್ಲ. ಇಷ್ಟ ಇದ್ದದ್ದಕ್ಕ."

ಅವರು ಎದ್ದರು. ಹೊರಟರು ಎಂದುಕೊಂಡೆ. ಹೋಗಿ ಬಾಗಿಲು ಹಾಕಿದರು. ಬಂದು ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ನನ್ನ ಪಕ್ಕದಲ್ಲಿ, ಮೊಣಕೈ ತಾಗುವಷ್ಟು ಹತ್ತಿರ ಕೂತರು. ತಲೆ ತಗ್ಗಿತ್ತು. ಕಿವಿ ಕೆಂಪಾಗಿತ್ತು. ನಗುತ್ತಿದ್ದಾರೋ ಎಂದು ಬಗ್ಗಿ ನೋಡಿದೆ, ನಗುತ್ತಿರಲಿಲ್ಲ.

"ಫೋನಲ್ಲಿ ಆ ಮಾತು ನಾನು ಕೇಳಬಾರದಿತ್ತು" ಎಂದರು.

"ಹೌದ್ರಿ, ಕೇಳಬಾರದಿತ್ತು" ಎಂದೆ.

ಇರಲಿ ಬಿಡ್ರಿ ಎಂದು ನಾನು ಹೇಳಲಿಲ್ಲ. ಹೇಳಲಿ ಎಂದು ಅವರೂ ಕಾಯಲಿಲ್ಲ. ಹೊಟ್ಟೆ ಇನ್ನೊಮ್ಮೆ ಗುಡುಗಿತು. ನಾನು ಏಳಲಿಲ್ಲ.